ಮಾಲು ಹೋಗಲಿ, ಪ್ಯಾಟರ್ನ್ ಇರಲಿ

“ಬಾಗಲಾ ಒಂದ ಸಲ ಹಾಕಿ ಬಿಡಲಿಲ್ರಿ ಮ್ಯಾಡಮ್,” ಅಂದಳು ಮುಗ್ಧಾ. “ತಗದು ಮತ್ತ ಹಾಕಿದ.”

ಅವಳ ಬಲಗೈ ಮಣಿಕಟ್ಟಿನಿಂದ ತುದಿಯವರೆಗೆ ಬ್ಯಾಂಡೇಜಿನ ಮುದ್ದೆಯಾಗಿತ್ತು. ಬಿಳಿಯ ಮೇಲೆ ಕೆಂಪು ಇನ್ನೂ ಹರಡುತ್ತಲೇ ಇತ್ತು.

ಬೆಳಿಗ್ಗೆ ಹಿಂದವಾಡಿಯ ಅವಳ ಮನೆಯ ಮುಂದೆ ಕಾರೊಂದು ನಿಂತಿತ್ತು. ವಿಳಾಸ ಕೇಳುವವರ ಹಾಗೆ ಗ್ಲಾಸು ಇಳಿಸಿದರು. ಮುಗ್ಧಾ ಬಗ್ಗಿದಳು. ಹಿಂದಿನ ಬಾಗಿಲು ತೆರೆಯಿತು, ಯಾರೋ ಅವಳ ಕೈ ಎಳೆದು ಸಂದಿಗೆ ಇಟ್ಟರು. ಓಣಿಯಲ್ಲಿ ಹಾಲಿನವನಿದ್ದ, ಅಂಗಳಕ್ಕೆ ನೀರು ಹೊಡೆಯುವ ಹೆಂಗಸರಿದ್ದರು, ಸ್ಕೂಟರ್ ಒರೆಸುವ ಗಂಡಸರಿದ್ದರು. ಎಲ್ಲರಿಗೂ ಕಂಡಿತು. ಕೇಳಿದಾಗ ಯಾರಿಗೂ ಕಂಡಿರಲಿಲ್ಲ.

“ಮಾರಿ ನೋಡಿದಿಯೇನು?” ಮಂಚದ ಬಾಜೂಕ್ಕೆ ಸ್ಟೂಲು ಎಳೆದುಕೊಂಡು ಕೂತಿದ್ದ ಸೈಬರ್ ವಿಭಾಗದ ಇನ್ಸ್‌ಪೆಕ್ಟರ್ ಕಾಶವ್ವ ಮುನವಳ್ಳಿ ಕೇಳಿದಳು.

“ರುಮಾಲು ಕಟ್ಟಿದ್ರು. ಆದ್ರ ಮೊದಲನೇ ಸಲ ಹಾಕಿದ ಮ್ಯಾಲ ‘ಸಾರಿ ತಾಈ’ ಅಂದ. ಆಮ್ಯಾಲ ಎರಡನೇ ಸಲ ಹಾಕಿದ.” ಮುಗ್ಧಾ ನಗಲು ನೋಡಿದಳು, ತುಟಿ ಅಲುಗಿತು ಅಷ್ಟೆ. “ಆಫೀಸಿನ್ಯಾಗ ನನ್ನ ಅಕ್ಕಾ ಅಂದಂಗ ತಾಈ ತಾಈ ಅಂತ ಕರಿಯಾಂವ ಒಬ್ಬನ. ಗೌರವ. ಮಾಲಕರ ಅಣ್ಣನ ಮಗ. ಭಾಳ ಮರ್ಯಾದಿ ಹುಡುಗ.”

ಮಾಲಕ ಅವಧೂತ ದೇಸೂರಕರ. ಉದ್ಯಮಬಾಗದಲ್ಲಿ ಅವನ ಫೌಂಡ್ರಿ, ಕಬ್ಬಿಣದ ಎರಕದ ಕಾರ್ಖಾನೆ; ಮುಗ್ಧಾ ಅದರ ಆಫೀಸಿನಲ್ಲಿ ಮೇಲ್ ನೋಡುವವಳು. ಅಲ್ಲಿ ಫರ್ನೇಸಿನ ಮುಂದೆ ಕಬ್ಬಿಣ ಕರಗಿಸುತ್ತಿದ್ದ ಕರೆಪ್ಪ ಖಾನಾಪುರದ ಹಂಚಿನ ಭಟ್ಟಿಯೊಂದರೊಳಗೆ ಸುಟ್ಟ ಹೆಣವಾಗಿ ಸಿಕ್ಕಿದ್ದ. ಆ ಭಟ್ಟಿ ಅವನ ತಂಗಿಯ ಗಂಡ ಸಿದರಾಯನದು. ಸಿದರಾಯನನ್ನು ಎಳೆದೊಯ್ಯಲು ಅಷ್ಟು ಸಾಕಾಗಿತ್ತು.

ಕೊಲೆಯ ತನಿಖೆ ಬೇರೆ ತಂಡದ ಕೈಯಲ್ಲಿತ್ತು. ಆ ತಂಡ ಸಿದರಾಯನ ಅಂಗಾಲು ಒಡೆದಿತ್ತು, ಬಾಯಿ ಒಡೆಯಲು ಆಗಿರಲಿಲ್ಲ. ಇವತ್ತು ಸಂಜೆ ಅವನನ್ನು ಕೋರ್ಟಿನ ಮುಂದೆ ನಿಲ್ಲಿಸುವವರಿದ್ದರು. ಕರೆಪ್ಪ ಬೆಂದದ್ದು ಫೌಂಡ್ರಿಯಲ್ಲಿ ಎಂದು ಅಷ್ಟರೊಳಗೆ ತೋರಿಸದಿದ್ದರೆ ಮಣ್ಣು ತುಳಿದು ಬದುಕಿದ ಒಬ್ಬ ಮನುಷ್ಯ ಹಿಂಡಲಗಾ ಜೈಲಿನಲ್ಲಿ ಕೊಳೆತು ಸಾಯುತ್ತಿದ್ದ. ಅವನನ್ನು ಮನೆಗೆ ಕರೆತರುತ್ತೇನೆ ಎಂದು ಕಾಶವ್ವ ಅವನ ಹೆಂಡತಿ, ಕರೆಪ್ಪನ ತಂಗಿ ಸಂಗವ್ವನಿಗೆ ಮಾತು ಕೊಟ್ಟಿದ್ದಳು.

ಅವಳ ಕೈಗೆ ಸಿಕ್ಕ ಎಳೆ ಒಂದೇ. ಕರೆಪ್ಪ ಫೌಂಡ್ರಿಯ ಆಫೀಸಿಗೆ ಮೇಲಿಂದ ಮೇಲೆ ಫೋಟೋ ಮೇಲ್ ಮಾಡುತ್ತಿದ್ದ. ಅವನ ಫೋನು ಅವನ ಜೊತೆಗೇ ಕರಗಿತ್ತು. ಮೇಲ್ ಕಂಪನಿಗೆ ಹಾಕಿದ ಅರ್ಜಿಗೆ ಉತ್ತರ ಬರುವುದರೊಳಗೆ ಸಿದರಾಯನ ಎಲುಬು ಮಣ್ಣಾಗುತ್ತಿತ್ತು.

“ಏನಿತ್ತು ಆ ಫೋಟೋದಾಗ?”

“ಸ್ಕ್ರಾಪು. ಗಾಡಿ ಶಾಕಪ್ ಇರ್ತಾವಲ್ಲರಿ, ಎರಡೂ ಬಾಯಿ ಮುಚ್ಚಿದ್ದು, ಒಳಗ ಎಣ್ಣಿ. ಹಂಗ ಫರ್ನೇಸಿಗೆ ಒಗದ್ರ ಬಾಂಬ್ ಇದ್ದಂಗ. ಕತ್ತರಿಸಿ ಹಾಕಬೇಕು. ಲಗೂ ಆಗ್ಲಿ ಅಂತ ಕತ್ತರಿಸೂದ ಬಿಟ್ಟಿದ್ರು. ಕರೆಪ್ಪಣ್ಣ ಬಾಯಿಲೆ ಹೇಳಿ ಹೇಳಿ ಸಾಕಾಗಿ ಫೋಟೋ ಕಳಸಾಕ ಹತ್ತಿದ. ಇಲ್ಲಂದ್ರ ನಾಳಿ ನೀ ಹೇಳೇ ಇಲ್ಲ ಅಂತಾರ, ಅಂದ.”

“ಅವನ್ನೆಲ್ಲಾ ನೀ ಅಳಿಸಿದಿ.”

“ಅಳಿಸಿದೆ.” ಮುಗ್ಧಾ ಕಣ್ಣು ತಪ್ಪಿಸಲಿಲ್ಲ. “ಹಳೇ ಮೇಲ್ ಎಲ್ಲಾ ಆಫೀಸಿನ ಒಂದ ಕಂಪ್ಯೂಟರಿನ್ಯಾಗ ಇಳಿಸಿ ಇಡ್ತಿದ್ವಿ. ತೆರೀಬೇಕಂದ್ರ ಚಾ ಕುಡದ ಬರಬೇಕು, ಅಷ್ಟ ದಪ್ಪ ಆಗಿತ್ತು. ಸಣ್ಣ ಮಾಡು, ಸಣ್ಣ ಮಾಡು ಅಂತ ಎಷ್ಟೋ ದಿನದಿಂದ ಅಂತಿದ್ರು. ನಾ ರಜಾ ಮುಗಿಸಿ ಬಂದ ದಿನ ಕರೆಪ್ಪಣ್ಣ ಕಾಣಲಿಲ್ಲ; ಅವತ್ತ ಮಾಲಕರು ನನ್ನ ಬಾಜೂಕ ಕುರ್ಚಿ ಹಾಕ್ಕೊಂಡು ಕುಂತು ಮಾಡಸಿದ್ರು. ಎಲ್ಲಾ ಒಮ್ಮೆಲೆ ಹಿಡದು ಅಳಿಸಿದೆ. ತಾರೀಖ ಸೈತ ನೋಡಾಕ ಬಿಡಲಿಲ್ಲ.”

“ಕಂಪ್ಯಾಕ್ಟ್?”

“ಅದೂ.”

ಕಾಶವ್ವ ಹಲ್ಲು ಕಚ್ಚಿದಳು. ಅಳಿಸಿದ ಮೇಲ್ ಕಣ್ಣಿಗೆ ಮರೆಯಾದರೂ ಪೆಟ್ಟಿಗೆಯ ತಳದಲ್ಲಿ ಬಿದ್ದಿರುತ್ತದೆ. ಕಂಪ್ಯಾಕ್ಟ್ ಮಾಡಿದರೆ ಪೆಟ್ಟಿಗೆಯನ್ನೇ ಹಿಂಡಿ, ತಳ ತೊಳೆದು ಚೆಲ್ಲಿದ ಹಾಗೆ.

“ಹಂಗಾದ್ರ ಪೆಟಗಿನ ಯಾಕ ಸುಡಲಿಲ್ಲ? ಫೋಲ್ಡರ್ ಸಮೇತ ಒಗದಿದ್ರ ಕೆಲಸ ಮುಗೀತಿತ್ತು.”

“ನಾನೂ ಅದನ್ನ ಕೇಳಿದೆರಿ. ಫೋಲ್ಡರಿಗೆ ಕೈ ಹಚ್ಚಬ್ಯಾಡ ಅಂದ್ರು. ಮಾಲು ಹೋಗಲಿ, ಪ್ಯಾಟರ್ನ್ ಇರಲಿ ಅಂದ್ರು.”

ಕಾಶವ್ವ ಸ್ಟೂಲಿನಿಂದ ಎದ್ದಳು.

ಪ್ಯಾಟರ್ನ್ ಅಂದರೆ ಫೌಂಡ್ರಿಯ ಕಟ್ಟಿಗೆಯ ಮಾದರಿ. ಅದನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಪೊಳ್ಳಿಗೆ ಕಬ್ಬಿಣದ ರಸ ಸುರಿಯುತ್ತಾರೆ. ಆಮೇಲೆ ಮಾಲು ಲಾರಿ ಹತ್ತುತ್ತದೆ, ಮರಳು ಒಡೆದು ಪುಡಿಯಾಗುತ್ತದೆ, ಪ್ಯಾಟರ್ನ್ ಮಾತ್ರ ಅಟ್ಟ ಸೇರುತ್ತದೆ. ಗಿರಾಕಿ ಸತ್ತಿರಲಿ, ಅವನ ಕಾರ್ಖಾನೆ ಮುಚ್ಚಿರಲಿ, ಪ್ಯಾಟರ್ನ್ ಇರುತ್ತದೆ. ಫೌಂಡ್ರಿಯವನು ಹೆಂಡತಿಯ ತಾಳಿ ಅಡವಿಟ್ಟಾನು, ಪ್ಯಾಟರ್ನ್ ಒಲೆಗೆ ಹಾಕಲಾರ. ಕೈಗೆ ಹತ್ತಿದ ರೂಢಿ. ಭಯದಲ್ಲೂ ಆ ಕೈ ಹಾಗೆಯೇ ಆಡಿತ್ತು.

“ಫೋಲ್ಡರ್ ಹೆಂಗ ಮಾಡ್ತಿದ್ರಿ? ಬಿಡಸಿ ಹೇಳು.”

“ಫರ್ನೇಸಿನ್ಯಾಗ ಒಂದ ಸಲ ಕಬ್ಬಿಣ ಕರಗಿಸಿದ್ರ ಒಂದು ಹೀಟ್ ಅಂತಾರ. ಹೀಟಿಗೊಂದು ಲ್ಯಾಬ್ ರಿಪೋರ್ಟ್ ಮೇಲ್ ಬರತೈತಿ. ಬಂದ ಕೂಡ್ಲೆ ಆ ತಾರೀಖಿನ ಕೆಳಗ ಆ ಹೀಟಿಂದೊಂದು ಫೋಲ್ಡರ್. ಮೇಲ್ ಬರಲಾರದ ಫೋಲ್ಡರ್ ಇಲ್ಲ.”

“ಕರೆಪ್ಪ ಸತ್ತ ದಿನ?”

“ನಾ ರಜಾದಾಗ ಇದ್ದೆ. ನಾ ಇಲ್ಲದಾಗ ಗೌರವ ಮಾಡ್ತಿದ್ದ. ಅವ ಒಂದೂ ಬಿಡೂದಿಲ್ಲ.” ಮುಗ್ಧಾ ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದಳು. “ಹೇಳಿದ್ನಲ್ಲರಿ. ಭಾಳ ಮರ್ಯಾದಿ ಹುಡುಗ.”

*

ಫೌಂಡ್ರಿಯ ಆಫೀಸಿನ ಬಾಗಿಲ ಮೇಲೆ ಎರಡು ಭಾಷೆಯ ಬೋರ್ಡು ಇತ್ತು. ಯಾವುದು ಮೇಲಿರಬೇಕು ಎಂದು ಈ ಗಡಿ ಊರಿನಲ್ಲಿ ತಲೆ ಒಡೆದಿವೆ, ಬಸ್ಸಿಗೆ ಕಲ್ಲು ಬಿದ್ದಿವೆ. ಫರ್ನೇಸಿನ ಮುಂದೆ ಬೆಂದವನು ಯಾವ ಭಾಷೆಯಲ್ಲಿ ಚೀರಿದ ಎಂದು ಕೇಳಿ ಯಾರೂ ಮೋರ್ಚಾ ತೆಗೆದಿಲ್ಲ.

ಶೆಡ್ಡು ಸದ್ದಿಲ್ಲದೆ ಬಿದ್ದಿತ್ತು. ಆ ದಿನದ ಪಾಳಿಯಲ್ಲಿದ್ದ ಪರವೂರಿನ ಕೆಲಸಗಾರರನ್ನೆಲ್ಲ ಅವಧೂತ ರೈಲು ಹತ್ತಿಸಿ ಕಳಿಸಿದ್ದ. ಅಟ್ಟದ ಮೇಲೆ ಕೆಂಪು ಬಣ್ಣದ ಪ್ಯಾಟರ್ನುಗಳು ಸಾಲಾಗಿ ಕೂತಿದ್ದವು. ಅವನ ಅಜ್ಜನ ಕಾಲದ ನೀರಿನ ಪಂಪು, ಕಬ್ಬಿನ ಗಾಣದ ಹಲ್ಲುಚಕ್ರ, ಒಂದರ ಮೇಲೂ ಧೂಳಿಲ್ಲ.

ಕಾನ್‌ಸ್ಟೇಬಲ್ ಸೋಮಲಿಂಗ ಕಂಪ್ಯೂಟರಿನ ಡಿಸ್ಕನ್ನು ಪೂರ್ತಿ ನಕಲು ತೆಗೆದು ಚೀಲಕ್ಕೆ ಹಾಕಿಕೊಂಡ. ಆಮೇಲೆ ಕಾಶವ್ವ ಪರದೆಯ ಮೇಲೆ ಮೇಲ್ ಸಂಗ್ರಹ ತೆರೆದಳು.

ಕಣ್ಣು ರೆಪ್ಪೆ ಬಡಿಯುವುದರೊಳಗೆ ತೆರೆಯಿತು. ಚಹಾ ಕುಡಿದು ಬರಬೇಕಿದ್ದ ಪೆಟ್ಟಿಗೆ ಈಗ ಬರಿದು.

ವರ್ಷ. ಅದರ ಕೆಳಗೆ ತಿಂಗಳು. ಅದರ ಕೆಳಗೆ ತಾರೀಖು. ಅದರ ಕೆಳಗೆ ಹೀಟು. ಒಂದೊಂದನ್ನೂ ಒತ್ತಿದರೆ ಬೆಳ್ಳನೆ ಪರದೆ. ಗಿರಾಕಿಗಳಿಗೊಂದು ಕೊಂಬೆ, ಲಾರಿಯವರಿಗೊಂದು ಕೊಂಬೆ. ತಕರಾರು ಎಂಬ ಕೊಂಬೆಯ ಕೆಳಗೆ ‘ಕರೆಪ್ಪ – ಸ್ಕ್ರಾಪ್’ ಎಂಬ ಫೋಲ್ಡರು. ಅದೂ ಖಾಲಿ.

“ಹೊಟ್ಟಿ ಬಗದಾರ,” ಅಂದಳು ಕಾಶವ್ವ. “ಎಲುವಿನ ಹಂದರ ಬಿಟ್ಟಾರ.”

“ಹಂದರ ತಗೊಂಡು ಏನ್ ಮಾಡೂದ್ರಿ ಮೇಡಮ್ಮಾರ?”

“ಹೆಣಾ ಸುಟ್ಟ ಮ್ಯಾಲ ಡಾಕ್ಟರು ಏನು ನೋಡ್ತಾರ? ಎಲುವ ನೋಡ್ತಾರ. ನಿಂದ್ರು.”

ಅವಳು ತಾರೀಖು ಹಿಡಿದು ಇಳಿದಳು. ವಾರದ ರಜೆಯ ದಿನಗಳಿಗೆ ಫೋಲ್ಡರಿಲ್ಲ. ದೀಪಾವಳಿಗೆ ಇಲ್ಲ. ಹಿಂದೊಮ್ಮೆ ಫರ್ನೇಸಿನ ಒಳಗೋಡೆಗೆ ಹೊಸ ಪದರು ಮೆತ್ತುವ ಲೈನಿಂಗ್ ಕೆಲಸ ನಡೆದ ವಾರಕ್ಕೆ ಇಲ್ಲ. ಮುಗ್ಧಾ ಹೇಳಿದ್ದು ನೇರವಾಗಿತ್ತು. ಕಬ್ಬಿಣ ಕರಗದ ದಿನ ಫೋಲ್ಡರು ಹುಟ್ಟುವುದಿಲ್ಲ.

ಕರೆಪ್ಪ ಸತ್ತ ದಿನವೂ ಲೈನಿಂಗ್ ನಡೆದಿತ್ತು, ಫರ್ನೇಸ್ ತಣ್ಣಗಿತ್ತು, ಅವನು ಕೆಲಸಕ್ಕೇ ಬಂದಿರಲಿಲ್ಲ — ಇದು ಅವಧೂತನ ಹೇಳಿಕೆ.

ಕಾಶವ್ವ ಆ ತಾರೀಖನ್ನು ಒತ್ತಿದಳು.

ಹೀಟ್ ಒಂದು. ಹೀಟ್ ಎರಡು. ಹೀಟ್ ಮೂರು.

ನಾಲ್ಕನೆಯದಿರಲಿಲ್ಲ. ಮರುದಿನವಿರಲಿಲ್ಲ. ಅದರಾಚೆಗೂ ಇರಲಿಲ್ಲ.

“ಲೈನಿಂಗ್ ಖರೇನ ಆಗೇತ್ರಿ,” ಸೋಮಲಿಂಗನ ದನಿ ಇಳಿಯಿತು. “ಆದ್ರ ಇದಾದ ಮ್ಯಾಲ ಆಗೇತಿ.”

“ನಾಲ್ಕನೇ ಸಲ ಸ್ಕ್ರಾಪ್ ಒಗದಾರ. ಅಲ್ಲಿಗೆ ಮುಗದೈತಿ.”

ಬೆನ್ನ ಹಿಂದೆ ಗಾಳಿ ಸರಿದ ಸದ್ದಾಯಿತು.

ಕಾಶವ್ವ ತಲೆ ಬಗ್ಗಿಸದಿದ್ದರೆ ಘಣ ಅವಳ ಬುರುಡೆಯೊಳಗೆ ಇಳಿಯುತ್ತಿತ್ತು. ಕಬ್ಬಿಣದ ಆ ದೊಡ್ಡ ಸುತ್ತಿಗೆ ಪರದೆಯನ್ನು ಹೊಕ್ಕು ಗೋಡೆಗೆ ಬಡಿಯಿತು. ಗಾಜಿನ ಚೂರೊಂದು ಅವಳ ಹುಬ್ಬು ಸೀಳಿತು. ಎಡಗಣ್ಣಿನ ತುಂಬ ರಕ್ತ.

ಗೌರವ ಘಣವನ್ನು ಮತ್ತೆ ಎತ್ತಿದ. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ಗಂಧ. ಸೋಮಲಿಂಗ ಅಡ್ಡ ಬಂದ. ಏಟು ಅವನ ಕೊರಳೆಲುಬಿನ ಮೇಲೆ ಬಿತ್ತು. ಒಣ ಕಟ್ಟಿಗೆ ಮುರಿದ ಸದ್ದು. ಸೋಮಲಿಂಗ ಕೂಗಲೂ ಆಗದೆ ಕುಸಿದ.

ಮೇಜಿನ ಮೇಲೆ ಹಾಳೆ ಹಾರದಂತೆ ಇಟ್ಟಿದ್ದ ಕಬ್ಬಿಣದ ಗುಂಡಿತ್ತು. ಕಾಶವ್ವ ಅದನ್ನು ಹಿಡಿದು ಗೌರವನ ಮೊಣಕಾಲಿಗೆ ಹೊಡೆದಳು. ಅವನು ಒಂದು ಕಾಲ ಮೇಲೆ ತಿರುಗಿದ. ಅದೇ ಕಾಲಿಗೆ ಮತ್ತೆ ಹೊಡೆದಳು. ಘಣ ಕೈಬಿಟ್ಟಿತು. ಅವನು ಬಾಗಿಲ ಕಡೆ ತೆವಳಿದ, ಚೌಕಟ್ಟು ಹಿಡಿದು ಏಳಲು ನೋಡಿದ.

ಬಾಗಿಲು ದಪ್ಪ ತಗಡಿನದು. ಕಾಶವ್ವನ ಕೈ ಅದರ ಮೇಲೆ ಬಿತ್ತು. ಗೌರವನ ಬೆರಳುಗಳು ಸಂದಿಯಲ್ಲಿದ್ದವು.

“ಸಾರಿ ತಮ್ಮಾ,” ಅಂದಳು.

ಬಾಗಿಲು ಒಂದು ಗೇಣು ಸರಿಯಿತು. ಅಷ್ಟಕ್ಕೇ ಗೌರವ ಚೀರಿದ. ಪ್ಯಾಂಟಿನ ಮುಂದೆ ಒದ್ದೆ ಹರಡಿತು.

ಕಾಶವ್ವ ಬಾಗಿಲನ್ನು ಅಲ್ಲೇ ಹಿಡಿದು ನಿಂತಳು. ಅವಳ ಹುಬ್ಬಿನ ರಕ್ತ ಅವನ ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕಿತು.

“ಹಾಕೂದಿಲ್ಲ. ಮುಗ್ಧಾ ಬಂದು ಹಾಕ್ತಾಳ, ಆಕೀಗಿ ಬೇಕಾದ್ರ. ನಿಮ್ಮ ಕಾಕಾ ಎಲ್ಲಿ?”

“ನಾ ಎಲ್ಲಾ ಒಡದೀನಿ... ಏನೂ ಸಿಗೂದಿಲ್ಲ ನಿಮಗ...”

“ಟಿವಿ ಒಡದಂಗ ಪರದಿ ಒಡದೀಯೋ ಶ್ಯಾಣ್ಯಾ. ಮೇಲ್ ಅದರಾಗ ಇರತಾವೇನು? ಹತ್ತು ವರ್ಷ ಕಂಪ್ಯೂಟರ್ ಮುಂದ ಕುಂತು ಇಷ್ಟ ಕಲತಿ?” ಬಾಗಿಲು ಇನ್ನೊಂದು ಬೆರಳು ಸರಿಯಿತು. “ಕಾಕಾ ಎಲ್ಲಿ?”

“ಖಾನಾಪುರ... ಭಟ್ಟಿ ಹಂತೇಕ... ಬೂದಿ ಆರಸಾಕ ಹೋಗ್ಯಾರ.”

*

ಅಂಬುಲೆನ್ಸಿನಲ್ಲಿ ಸೋಮಲಿಂಗನನ್ನು ಕಳಿಸಿ, ಗೌರವನನ್ನು ಠಾಣೆಯಿಂದ ಬಂದ ಇಬ್ಬರು ಪೊಲೀಸರ ವಶಕ್ಕೆ ಕೊಟ್ಟು, ಹುಬ್ಬಿಗೆ ಕರವಸ್ತ್ರ ಕಟ್ಟಿಕೊಂಡು ಕಾಶವ್ವ ತಾನೇ ಜೀಪು ಓಡಿಸಿದಳು. ಖಾನಾಪುರದ ರಸ್ತೆಯ ಅಗಲೀಕರಣ ಇನ್ನೂ ಮುಗಿದಿರಲಿಲ್ಲ. ಒಂದು ಕಾಲಕ್ಕೆ ಈ ಊರಿನ ಕೆಂಪು ಹಂಚು ಅರ್ಧ ಮುಂಬೈ ಸೀಮೆಯ ಮನೆಗಳನ್ನು ಮಳೆಯಿಂದ ಕಾದಿತ್ತು. ಈಗ ಎಲ್ಲರ ತಲೆಯ ಮೇಲೆ ಕಾಂಕ್ರೀಟು. ಚಿಮಣಿಗಳು ಮುರಿದು ನಿಂತಿದ್ದವು. ಮಲಪ್ರಭೆಯ ದಂಡೆಯಲ್ಲಿ ಸಿದರಾಯನ ಭಟ್ಟಿ ಮಾತ್ರ ಇನ್ನೂ ಉಸಿರಾಡುತ್ತಿತ್ತು.

ಭಟ್ಟಿಯ ಬಾಯಲ್ಲಿ ಅವಧೂತ ಮಂಡಿಯೂರಿ ಕೂತಿದ್ದ. ಅರವತ್ತರ ಗೃಹಸ್ಥ, ಮೊಣಕೈವರೆಗೆ ಬೂದಿ. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ರೊಟ್ಟಿಯಷ್ಟು ಅಗಲದ ಅಯಸ್ಕಾಂತ. ಅದರ ಮೈತುಂಬ ಕಪ್ಪು ಹನಿಗಳು ಕಚ್ಚಿಕೊಂಡಿದ್ದವು, ದನದ ಮೈಗೆ ಉಣ್ಣೆಹುಳ ಹತ್ತಿದ ಹಾಗೆ.

ಅವನ ಕುತ್ತಿಗೆಯ ಮೇಲೆ ಕೊಡಲಿಯಿತ್ತು. ಕೊಡಲಿ ಸಂಗವ್ವನ ಕೈಯಲ್ಲಿತ್ತು.

“ಬರ್ರಿ ಅಕ್ಕಾರ,” ಅಂದಳು ಸಂಗವ್ವ, ಅಲುಗದೆ. “ನಮ್ಮ ಭಟ್ಟ್ಯಾಗ ಇವಂಗ ಏನ ಕಳದೈತಿ ಕೇಳ್ರಿ. ನಾ ಕೇಳಿದ್ರ ಬಾಯಿ ಬಿಡವಲ್ಲ.”

ಕುತ್ತಿಗೆಯ ತೊಗಲು ಆಗಲೇ ಬಿರಿದಿತ್ತು. ಒಂದು ಗೆರೆ ರಕ್ತ ಕಾಲರಿನೊಳಗೆ ಇಳಿಯುತ್ತಿತ್ತು.

“ಕೊಡ್ಲಿ ಇಳಸು ಸಂಗವ್ವಾ.”

“ಅವ ಹೇಳಿದ ಮ್ಯಾಲ ಇಳಸ್ತೀನ್ರಿ.”

ಕಾಶವ್ವ ಬಗ್ಗಿ ಅಯಸ್ಕಾಂತದಿಂದ ಒಂದು ಹನಿ ಕಿತ್ತಳು. ಕಡಲೆಕಾಳಿನಷ್ಟು ಗುಂಡು, ನುಣುಪು. “ಕಬ್ಬಿಣ. ಹಂಚಿನ ಭಟ್ಟ್ಯಾಗ ಕಬ್ಬಿಣ ಕರಗೂವಷ್ಟು ಕಾವ ಹತ್ತೂದಿಲ್ಲ ಅವಧೂತರ. ಇದು ನಿಮ್ಮ ಫರ್ನೇಸಿಂದು. ಕರೆಪ್ಪನ ಮೈಗೆ ಹತ್ತಿಗೊಂಡು ಬಂದದ್ದು.”

“ಸ್ಕ್ರಾಪ್ ಎಲ್ಲಾ ಕಡೆ ಇರತೈತಿ ಮ್ಯಾಡಮ್. ಆ ದಿನ ನಮ್ಮಲ್ಲೆ ಲೈನಿಂಗ್...”

“ಮೂರು ಹೀಟ್ ತಗದೀರಿ ಆ ದಿನ.”

“ಯಾರ ಹೇಳಿದ್ರು? ಮೇಲ್ ಎಲ್ಲಾ—” ಅವಧೂತ ನಾಲಿಗೆ ಕಚ್ಚಿಕೊಂಡ.

“ಮೇಲ್ ಎಲ್ಲಾ ತಗಸೀರಿ. ಪ್ಯಾಟರ್ನ್ ಇಟ್ಟೀರಿ.”

ಅವನು ಅವಳ ಮುಖವನ್ನೇ ನೋಡಿದ. ಏನು ಹೇಳುತ್ತಿದ್ದಾಳೆ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದಾಗ ಹೆಗಲು ಕುಸಿದವು. ಅಯಸ್ಕಾಂತ ಬೂದಿಗೆ ಬಿತ್ತು.

“ನಮ್ಮಪ್ಪ ಹೇಳಿಕೊಟ್ಟಿದ್ದು,” ಅಂದ. “ಪ್ಯಾಟರ್ನ್ ಸುಟ್ಟಾಂವ ಉದ್ಧಾರ ಆಗೂದಿಲ್ಲ ಅಂತ.”

“ಮನಷ್ಯಾನ್ನ ಸುಟ್ಟಾಂವ ಆಗತಾನಂತೇನು?” ಅಂದಳು ಸಂಗವ್ವ.

“ಸುಟ್ಟಿಲ್ಲ ತಂಗಿ! ಶಾಕಪ್ ಸಿಡೀತು. ರಸ ಮ್ಯಾಲ ಹಾರಿ ಅವನ ಎದಿಮ್ಯಾಲ ಬಿತ್ತು. ಅದು ಆಕ್ಸಿಡೆಂಟು.”

“ಕತ್ತರಿಸಲಾರದ ಹಾಕ್ರಿ ಅಂದವರು ಯಾರು?” ಕಾಶವ್ವ ಕೇಳಿದಳು. “ಅವ ಕಳಿಸಿದ ಫೋಟೋಕ್ಕ ಫೋಲ್ಡರ್ ಮಾಡಿ ಕಾಪಿಟ್ಟೀರಿ, ಶಾಕಪ್ ಕತ್ತರಸಾಕ ನಿಮಗ ಪುರಸೊತ್ತಿಲ್ಲ. ಅದು ಆಕ್ಸಿಡೆಂಟಲ್ಲ. ನೀವು ಮಾಡಿದ್ದು.”

ಅವಧೂತ ತಲೆ ತಗ್ಗಿಸಿದ. “ಒಪ್ಕೋತೀನಿ. ಅದರದು ಏನ ಶಿಕ್ಷಾ ಅದನ ಕೊಡ್ರಿ. ಆದ್ರ ಹೆಣಾ ಇಲ್ಲಿ ತಂದು ಸುಟ್ಟದ್ದು ನನಗ ಸಂಬಂಧ ಇಲ್ಲ.”

“ಹೆಣಾ?”

ಭಟ್ಟಿಯ ಪಕ್ಕದಲ್ಲಿ ಒಡೆದ ಇಟ್ಟಿಗೆ, ಮಣ್ಣಿನ ಹೆಂಟೆಗಳ ಗುಡ್ಡೆಯಿತ್ತು. ಹಂಚು ಸುಡುವಾಗ ಭಟ್ಟಿಯ ಬಾಯಿಗೆ ಇಟ್ಟಿಗೆ ಪೇರಿಸಿ, ಹಸಿಮಣ್ಣು ಮೆತ್ತಿ ಮುಚ್ಚುತ್ತಾರೆ. ಹೆಣ ತೆಗೆಯಲು ಬಂದವರು ಆ ಮುಚ್ಚಳವನ್ನು ಹಾರೆಯಿಂದ ಒಡೆದು ಒಗೆದಿದ್ದರು. ಯಾರೂ ತಿರುವಿ ನೋಡಿರಲಿಲ್ಲ. ಬಡವನ ಹೆಣಕ್ಕೆ ಅಷ್ಟು ಹೊತ್ತು ಯಾರು ಕೊಡುತ್ತಾರೆ?

ಕಾಶವ್ವ ದೊಡ್ಡ ಹೆಂಟೆಯೊಂದನ್ನು ಎತ್ತಿದಳು. ಹೊರಮೈ ನುಣ್ಣಗೆ ಸಾರಿಸಿದ್ದು. ಪಳಗಿದ ಅಂಗೈ ಎಡದಿಂದ ಬಲಕ್ಕೆ ಸರಿದ ಗುರುತು. ಅದನ್ನು ತಿರುವಿದಳು.

ಒಳಮೈಯಲ್ಲಿ ನಾಲ್ಕು ಗೀರು. ಅಕ್ಕಪಕ್ಕ, ಮೇಲಿನಿಂದ ಕೆಳಕ್ಕೆ. ಹಸಿಮಣ್ಣಿನಲ್ಲಿ ಉಗುರು ಹೂತು ಎಳೆದರೆ ಬೀಳುವಂಥವು. ಬೆಂಕಿ ಅವನ್ನು ಹಂಚಿನ ಹಾಗೆ ಕೆಂಪಗೆ ಸುಟ್ಟು ಗಟ್ಟಿ ಮಾಡಿ ಇಟ್ಟಿತ್ತು. ಒಂದು ಗೀರಿನ ತುದಿಯಲ್ಲಿ ಮುರಿದ ಉಗುರಿನ ಅಚ್ಚು ಮಣ್ಣಿನೊಂದಿಗೇ ಬೆಂದು ಕೂತಿತ್ತು.

ಇನ್ನೊಂದು ಹೆಂಟೆ. ಇನ್ನಷ್ಟು ಗೀರು. ಮೂರನೆಯದರಲ್ಲಿ ಪೂರ್ತಿ ಅಂಗೈ. ತಳ್ಳಿದ ಅಂಗೈ.

ಸಂಗವ್ವನ ಕೊಡಲಿ ತಾನಾಗಿ ಕೆಳಗಿಳಿಯಿತು. ಅವಳು ಹತ್ತಿರ ಬಂದು ಆ ಅಂಗೈಯ ಅಚ್ಚಿನೊಳಗೆ ತನ್ನ ಅಂಗೈ ಇಟ್ಟಳು. ಅಣ್ಣನದು ದೊಡ್ಡದಿತ್ತು.

“ಜೀವ ಇತ್ತು,” ಅಂದಳು ಕಾಶವ್ವ. “ಜೀವ ಇದ್ದಾಂವನ್ನ ಒಳಗ ಹಾಕಿ, ಬಾಗಲಾ ಮುಚ್ಚಿ, ಬೆಂಕಿ ಹಚ್ಚ್ಯಾರ. ಈಗ ಹೇಳ್ರಿ ಅವಧೂತರ. ಹೆಣಾನೋ, ಮನಷ್ಯಾನೋ?”

ಅವಧೂತ ಬೂದಿಯ ಮೇಲೆ ಕೈಯೂರಿ ವಾಂತಿ ಮಾಡಿಕೊಂಡ. ನಟನೆಯಿರಲಿಲ್ಲ ಅದರಲ್ಲಿ.

“ದಾರ್ಯಾಗ ಸತ್ತ ಅಂದಾ...” ಅಂದ. “ಫೋನ್ ಮಾಡಿ ಹೇಳಿದಾ. ಜೀವ ಹೋತು, ನೀವು ಸುಮ್ನಿರ್ರಿ, ಮುಂದಿಂದು ನಾ ನೋಡ್ಕೋತೀನಿ ಅಂದಾ. ನಾ ದವಾಖಾನಿಗೆ ಒಯ್ಯಿ ಅಂತನ ಕೊಟ್ಟಿದ್ದೆರಿ. ದೇವರಾಣಿ, ದವಾಖಾನಿಗೆ ಅಂತನ.”

“ಯಾರ ಕೈಯಾಗ ಕೊಟ್ರಿ?”

ಅವಧೂತ ಸಂಗವ್ವನ ಕಡೆ ನೋಡಿದ. ನೋಡಿ ಕಣ್ಣು ಕಿತ್ತುಕೊಂಡ.

“ಯಾರ ಕೈಯಾಗ?” ಕಾಶವ್ವ ಅವನ ಕೂದಲು ಹಿಡಿದು ಮುಖ ಎತ್ತಿದಳು.

ಅವನು ಬೂದಿಗೈಯಿಂದ ಜೇಬಿನ ಫೋನು ತೆಗೆದ. “ಗೇಟಿನ ಕ್ಯಾಮೆರಾದ್ದು. ನಾಳಿ ಎಲ್ಲಾ ನನ್ನ ತಲಿಗೆ ಬಂದ್ರ ಇರಲಿ ಅಂತ ಇದೊಂದು ಇಟ್ಟೆ. ಇದನ್ನ ತೋರಸಿದ್ರ ನಮ್ಮ ಸ್ಫೋಟದ್ದೂ ಹೊರಬೀಳತಿತ್ತು. ಅದಕ್ಕ ತೋರಸಿರಲಿಲ್ಲ.”

ವಿಡಿಯೋದಲ್ಲಿ ದನಿಯಿರಲಿಲ್ಲ. ಫೌಂಡ್ರಿಯ ಗೇಟು. ಹೊಗೆ. ಹಸಿ ಗೋಣಿಚೀಲದಲ್ಲಿ ಸುತ್ತಿದ ಒಬ್ಬನನ್ನು ಇಬ್ಬರು ಹೊತ್ತು ತರುತ್ತಾರೆ. ಮಣ್ಣು ತುಂಬುವ ಚಿಕ್ಕ ಟೆಂಪೋ. ಕಬ್ಬಿಣದ ರಸ ಹೊರುವ ಲ್ಯಾಡಲ್ ಪಾತ್ರೆಗೆ ಮೆತ್ತಲು ಖಾನಾಪುರದಿಂದ ಬೆಂಕಿ ತಾಳುವ ಮಣ್ಣು ತರುತ್ತಿದ್ದ ಟೆಂಪೋ. ಅದರಿಂದ ಜಿಗಿದು ಬಂದವನು ಸುಟ್ಟವನನ್ನು ಮಗುವಿನ ಹಾಗೆ ಎರಡೂ ತೋಳಿನಲ್ಲಿ ತೆಗೆದುಕೊಳ್ಳುತ್ತಾನೆ. ಗೋಣಿಯೊಳಗಿಂದ ಒಂದು ಕೈ ಮೇಲೆದ್ದು ಅವನ ಕೊರಳು ತಬ್ಬುತ್ತದೆ. ಅವನು ಮುಖ ತಿರುಗಿಸುತ್ತಾನೆ.

ಸಿದರಾಯ.

ಅಂಗಾಲು ಒಡೆದರೂ ಆ ಮನುಷ್ಯ ಬಾಯಿ ಬಿಡಲಿಲ್ಲ ಎಂದು ಕಾಶವ್ವ ಇಷ್ಟು ದಿನ ಹೆಮ್ಮೆಪಟ್ಟಿದ್ದಳು. ಖಾನಾಪುರಕ್ಕೆ ಬರುವ ದಾರಿಯಲ್ಲಿ ಎಷ್ಟು ಆಸ್ಪತ್ರೆ ದಾಟಿ ಬರಬೇಕು. ಒಂದರ ಮುಂದೆಯೂ ಆ ಟೆಂಪೋ ನಿಂತಿರಲಿಲ್ಲ.

ಕಾಶವ್ವ ಫೋನನ್ನು ಅಡಗಿಸುವುದರೊಳಗೆ ಸಂಗವ್ವ ಅದನ್ನು ಅವಳ ಕೈಯಿಂದ ತೆಗೆದುಕೊಂಡಿದ್ದಳು.

ಅವಳು ವಿಡಿಯೋವನ್ನು ಪೂರ್ತಿ ನೋಡಿದಳು. ಮತ್ತೊಮ್ಮೆ ನೋಡಿದಳು. ಕೈ ಮೇಲೆದ್ದು ಕೊರಳು ತಬ್ಬುವಲ್ಲಿ ಬೆರಳಿಟ್ಟು ನಿಲ್ಲಿಸಿ, ಮುಖಕ್ಕೆ ಹತ್ತಿರ ಹಿಡಿದು ನೋಡಿದಳು. ನದಿಯ ಕಡೆಯಿಂದ ಬೀಸಿದ ಗಾಳಿಗೆ ಬೂದಿ ಎದ್ದು ಅವಳ ಕೂದಲ ಮೇಲೆ ಕೂತಿತು.

“ಆ ದಿನ ನಂದಗಡ ಸಂತಿಗೆ ಹೋಗಿದ್ನಿ ಅಂತ ಹೇಳಿದ್ದ,” ಅಂದಳು.

“ಸಂಗವ್ವಾ, ಯಾಕ ಮಾಡ್ಯಾನೋ ಇನ್ನೂ ಗೊತ್ತಿಲ್ಲ. ನಾ ಅವನ್ನ ಕೇಳ್ತೀನಿ.”

“ಅಕ್ಕಾರ.” ಸಂಗವ್ವ ಫೋನನ್ನು ವಾಪಸು ಕೊಟ್ಟಳು. ದನಿ ನೀರಿನಷ್ಟು ಸಮವಾಗಿತ್ತು. “ಸಂಜಿಕ ಕೋರ್ಟಿನ್ಯಾಗ ನಿಮ್ಮ ಆ ಖಾಲಿ ಫೋಲ್ಡರ್ ತೋರಸ್ರಿ. ಕಬ್ಬಿಣದ ಹನಿ ತೋರಸ್ರಿ. ಇವನ್ನೂ ನಿಲ್ಲಸ್ರಿ. ಅಷ್ಟಾದ್ರ ಅವನ್ನ ಬಿಡತಾರಲ್ಲ?”

“ಬಿಡಬಹುದು. ಆದ್ರ ಈ ವಿಡಿಯೋ—”

“ಅದನ್ನ ತೋರಸಬ್ಯಾಡ್ರಿ.”

ಕಾಶವ್ವ ಅವಳನ್ನು ದಿಟ್ಟಿಸಿದಳು. “ಇಷ್ಟು ನೋಡಿದ ಮ್ಯಾಲೂ ಗಂಡನ್ನ ಉಳಸಬೇಕಂತಿಯೇನು?”

ಸಂಗವ್ವ ಗೋಡೆಗೆ ಪೇರಿಸಿದ್ದ ಕಟ್ಟಿಗೆಯ ರಾಶಿಗೆ ಹೋದಳು. ಎರಡು ದಪ್ಪ ಕೊರಡು ಎತ್ತಿ ತಂದು, ಅವಧೂತನನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಭಟ್ಟಿಯ ಬಾಯೊಳಗೆ ಒಂದರ ಮೇಲೊಂದು ಅಡ್ಡ ಇಟ್ಟಳು. ಇನ್ನೆರಡು ತಂದಳು.

“ಮಾತು ಕೊಟ್ಟೀರಿ ನೀವು, ಮನಿಗೆ ಕರಕೊಂಡು ಬರ್ತೀನಿ ಅಂತ. ಕರಕೊಂಡು ಬರ್ರಿ,” ಅಂದಳು, ತಿರುಗಿ ನೋಡದೆ. “ಜೇಲಿನ್ಯಾಗ ಇದ್ರ ಅವ ನನ್ನ ಕೈಗೆ ಸಿಗೂದಿಲ್ರಿ. ಭಟ್ಟಿ ಕಾಯಾಕ ಹೊತ್ತ ಹಿಡೀತೈತಿ.”